ಬೋರ್ಡಿನ ಮೇಲೆ ‘ಇಂಡಿಯನ್’, ಒಳಗೆ ಯಾರ ಅಡುಗೆಮನೆ?

ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಲ್ಲಿ ಇಳಿದು, ‘ಇಲ್ಲಿ ಊಟಕ್ಕ ಚಲೋ ಹೋಟೆಲ್ ಯಾವುದೈತ್ರೀ?’ ಎಂದು ಯಾರನ್ನಾದರೂ ಕೇಳಿ ನೋಡಿ. ಉತ್ತರ ಕೊಡುವ ಮೊದಲು ಅವರೇ ನಿಮ್ಮನ್ನು ಕೇಳುತ್ತಾರೆ: ‘ಏನ್ ಉಣ್ಣಾವ್ರ ಅದೀರಿ?’ ರೊಟ್ಟಿ ಊಟ ಅಂದರೆ ಖಾನಾವಳಿಯ ದಾರಿ ಹೇಳುತ್ತಾರೆ. ಇಡ್ಲಿ, ದೋಸೆ ಅಂದರೆ ಉಡುಪಿ ಹೋಟೆಲ್. ರಾತ್ರಿ ಹನ್ನೊಂದಾಗಿದೆ, ದಾಲ್ ಫ್ರೈ ಸಿಕ್ಕರೆ ಸಾಕು ಅಂದರೆ ಬೈಪಾಸಿನ ಧಾಬಾ. ಸಂಜೆ ಐದಕ್ಕೆ ಕೇಳಿದರೆ ಊಟದ ಮಾತೇ ಬರುವುದಿಲ್ಲ, ಗಿರ್ಮಿಟ್, ಮಿರ್ಚಿ ಗಾಡಿಯ ಕಡೆ ಕೈ ತೋರಿಸುತ್ತಾರೆ. ಉಡುಪಿ ಹೋಟೆಲಿನಲ್ಲಿ ಕೂತು ‘ಎಣ್ಣೆಗಾಯಿ ಯಾಕೆ ಹಿಂಗಿದೆ’ ಎಂದು ನಮ್ಮಲ್ಲಿ ಯಾರೂ ಸಿಟ್ಟಾಗುವುದಿಲ್ಲ. ಅದು ಅವರ ಅಡುಗೆಯಲ್ಲ ಅನ್ನೋದು ಎಲ್ಲರಿಗೂ ಗೊತ್ತು.

ಅದೇ ನಾವು ವಿಮಾನ ಹತ್ತಿ ಬೇರೆ ದೇಶದಲ್ಲಿ ಇಳಿದ ಕೂಡಲೇ ಈ ತಿಳಿವಳಿಕೆಯನ್ನು ಮರೆತುಬಿಡುತ್ತೇವೆ. ಅಲ್ಲಿ ಎಲ್ಲ ಬೋರ್ಡಿನ ಮೇಲೂ ಒಂದೇ ಹೆಸರು, ‘ಇಂಡಿಯನ್ ರೆಸ್ಟೋರೆಂಟ್’. ಒಳಗೆ ಹೋಗಿ ಅವ್ವನ ಕೈರುಚಿ ಹುಡುಕುತ್ತೇವೆ. ಸಿಗದಿದ್ದರೆ ಊಟ ಕೆಟ್ಟದ್ದು ಎಂದು ತೀರ್ಮಾನ ಮಾಡುತ್ತೇವೆ.

ತಂಗಿಯ ಮಗ ಹುಬ್ಬಳ್ಳಿಯಲ್ಲೇ ಇಂಜಿನಿಯರಿಂಗ್ ಮುಗಿಸಿ ಈಗ ಓದಲು ಜರ್ಮನಿಗೆ ಹೊರಟಿದ್ದಾನೆ. ‘ಮಾಮಾ, ಅಲ್ಲಿ ಚಲೋ ಇಂಡಿಯನ್ ರೆಸ್ಟೋರೆಂಟ್ ಹೆಂಗ್ ಹುಡುಕೋದು?’ ಎಂದು ಕೇಳಿದ. ನಾನು ಎರಡು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ, ಐದು ವರ್ಷ ಸ್ಟುಟ್‌ಗಾರ್ಟಿನಲ್ಲಿ ಇದ್ದು ಧಾರವಾಡಕ್ಕೆ ವಾಪಸ್ ಬಂದವನು. ಎರಡು ಮಾತಲ್ಲಿ ಹೇಳಿ ಮುಗಿಸೋಣ ಅಂದುಕೊಂಡೆ. ಆಗಲಿಲ್ಲ. ಯಾಕೆಂದರೆ ‘ಚಲೋ ಯಾವುದು’ ಎಂದು ಕೇಳುವ ಮೊದಲು ‘ಇದು ಯಾರ ಅಡುಗೆ, ಯಾರಿಗಾಗಿ ಮಾಡಿದ್ದು’ ಎಂದು ಕೇಳಬೇಕು. ಅದು ತಿಳಿಯಲು ಆ ಹೋಟೆಲುಗಳು ಅಲ್ಲಿಗೆ ಹೇಗೆ ಬಂದವು ಅನ್ನೋದು ಸ್ವಲ್ಪ ಗೊತ್ತಿರಬೇಕು.

ಬರ್ಮಿಂಗ್‌ಹ್ಯಾಮಿಗೆ ಹೋದ ಮೊದಲ ವಾರ. ಹೊರಗೆ ಮಳೆ, ಚಳಿ. ಹತ್ತಿರದ ಒಂದು ಇಂಡಿಯನ್ ಹೋಟೆಲಿಗೆ ಹೋದೆ. ಪಟ್ಟಿಯಲ್ಲಿ ‘ವೆಜಿಟೇಬಲ್ ಮದ್ರಾಸ್’ ಎಂದಿತ್ತು. ಮದ್ರಾಸ್ ಅಂದ ಮೇಲೆ ಹುಣಸೆಹಣ್ಣು, ಕರಿಬೇವು, ಒಗ್ಗರಣೆ ಇರುತ್ತದೆ ಅಂದುಕೊಂಡೆ. ಬಂದದ್ದು ದಪ್ಪನೆಯ ಕೆಂಪು ಗ್ರೇವಿ. ಕರಿಬೇವಿಲ್ಲ, ಸಾಸಿವೆ ಇಲ್ಲ. ಬಾಯಿ ಉರಿಯುವ ಖಾರ ಮಾತ್ರ ಇತ್ತು. ಅವತ್ತು ಅರ್ಧ ಬಿಟ್ಟು ಎದ್ದುಬಂದೆ. ಮೋಸ ಮಾಡಿದರು ಅನ್ನಿಸಿತ್ತು. ಆಮೇಲೆ ತಿಳಿಯಿತು, ಅದು ಮೋಸ ಆಗಿರಲಿಲ್ಲ. ಅಲ್ಲಿ ‘ಮದ್ರಾಸ್’ ಅನ್ನೋದು ಊರಿನ ಹೆಸರಲ್ಲ, ಖಾರದ ಅಳತೆ.

ಇಂಗ್ಲೆಂಡಿನಲ್ಲಿ ನಮ್ಮ ದೇಶದವರು ಹೋಟೆಲ್ ತೆರೆದದ್ದು ಬಹಳ ಹಿಂದೆ. ಬಿಹಾರದ ಪಟನಾದಿಂದ ಹೋದ ಶೇಖ್ ದೀನ್ ಮಹಮ್ಮದ್ 1810ರಲ್ಲೇ ಲಂಡನ್ನಿನಲ್ಲಿ ‘ಹಿಂದೂಸ್ತಾನೀ ಕಾಫಿ ಹೌಸ್’ ತೆರೆದರು. ಎರಡೇ ವರ್ಷದಲ್ಲಿ ದಿವಾಳಿ ಆಯಿತು. ಲಂಡನ್ನಿನ ಹೆಸರುವಾಸಿ ಹೋಟೆಲ್ ‘ವೀರಸ್ವಾಮಿ’ ಶುರುವಾದದ್ದು 1926ರಲ್ಲಿ. ಆದರೆ ಊರೂರಿಗೆ ‘ಕರಿ ಹೌಸ್’ ತಲುಪಿಸಿದವರು ಬೇರೆಯವರು. ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಜಿಲ್ಲೆಯ ಜನ ಅವರು. ಬ್ರಿಟಿಷರ ಹಡಗುಗಳ ಎಂಜಿನ್ ಕೋಣೆಯಲ್ಲಿ, ಅಡುಗೆಮನೆಯಲ್ಲಿ ದುಡಿಯುತ್ತಿದ್ದವರು ಬಂದರಿನಲ್ಲಿ ಇಳಿದು ಅಲ್ಲೇ ಉಳಿದರು. ಎರಡನೇ ಮಹಾಯುದ್ಧದ ನಂತರ ಚಿಕ್ಕ ಚಿಕ್ಕ ಹೋಟೆಲು ಹಿಡಿದು ನಡೆಸಿದರು. ಬೋರ್ಡಿನ ಮೇಲೆ ಬರೆಸಿದ್ದು ‘ಇಂಡಿಯನ್’. ಗಿರಾಕಿಗಳು ಇಂಗ್ಲಿಷರು, ಅದರಲ್ಲೂ ರಾತ್ರಿ ಪಬ್ ಮುಚ್ಚಿದ ಮೇಲೆ ಹಸಿದು ಬರುವವರು.

ಅವರಿಗೆ ಬೇಗ ಊಟ ಕೊಡಬೇಕು, ಪಟ್ಟಿಯೂ ಉದ್ದ ಇರಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ಒಂದೇ ದೊಡ್ಡ ಪಾತ್ರೆಯ ಗ್ರೇವಿ. ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿ, ಅರಿಸಿನ ಹಾಕಿ ತಾಸುಗಟ್ಟಲೆ ಕುದಿಸಿ, ರುಬ್ಬಿ ಇಟ್ಟುಕೊಳ್ಳುತ್ತಾರೆ. ಗಿರಾಕಿ ಹೇಳಿದ ಮೇಲೆ ಬಾಣಲೆಯಲ್ಲಿ ಎಣ್ಣೆ, ಮಸಾಲೆಪುಡಿ, ಟೊಮೆಟೊ, ಮೇಲೆ ಎರಡು ಸೌಟು ಆ ಗ್ರೇವಿ. ಐದಾರು ನಿಮಿಷದಲ್ಲಿ ತಟ್ಟೆ ರೆಡಿ. ಕೆನೆ, ತೆಂಗು, ಬಾದಾಮಿ ಹಾಕಿ ಸಪ್ಪೆ ಮಾಡಿದರೆ ಕೂರ್ಮಾ. ಖಾರದಪುಡಿ ಜಾಸ್ತಿ ಮಾಡಿದರೆ ಮದ್ರಾಸ್. ಇನ್ನೂ ಜಾಸ್ತಿಯಾದರೆ ವಿಂದಾಲೂ. ಅದಕ್ಕೂ ಮೇಲೆ ಹೋದರೆ ಫಾಲ್. ವಿಂದಾಲೂ ಗೋವಾದ ಅಡುಗೆ, ಪೋರ್ಚುಗೀಸರ ದ್ರಾಕ್ಷಾರಸ–ಬೆಳ್ಳುಳ್ಳಿಯ ಮಾಂಸದಿಂದ ಬಂದ ಹೆಸರು. ಹೆಸರಿನಲ್ಲಿ ‘ಆಲೂ’ ಎಂದು ಕೇಳಿಸುವುದರಿಂದ ಅಲ್ಲಿ ಎಷ್ಟೋ ಕಡೆ ಅದಕ್ಕೆ ಆಲೂಗಡ್ಡೆಯನ್ನೂ ಹಾಕುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಂತೂ 1970ರ ದಶಕದಲ್ಲಿ ‘ಬಾಲ್ಟಿ’ ಎಂಬ ಹೊಸ ಅಡುಗೆಯೇ ಹುಟ್ಟಿತು. ಮಾಡಿದ ಬಾಣಲೆಯಲ್ಲೇ ತಂದು ಮುಂದಿಡುತ್ತಾರೆ. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಅವರು ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನದೇ ರಾಷ್ಟ್ರೀಯ ಅಡುಗೆ ಎಂದು ಕರೆದರು. ನನ್ನ ಪ್ರಕಾರ ಅವರು ಹೇಳಿದ್ದು ಸರಿ. ಅದು ಅಲ್ಲಿ ಬೆಳೆದ ಅಡುಗೆ. ಹಾಗೆ ನೋಡಿದರೆ ಅದರ ಮೇಲೆ ಸಿಟ್ಟು ಬರುವುದಿಲ್ಲ. ನಮ್ಮ ಊಟಕ್ಕೆ ಅದನ್ನು ಹುಡುಕಿಕೊಂಡು ಹೋಗಬಾರದು, ಅಷ್ಟೇ.

ಒಂದೊಂದು ದೇಶಕ್ಕೂ ಇಂಥದೇ ಒಂದು ಕಥೆ ಇದೆ. ಜರ್ಮನಿಯಲ್ಲಿ ನಾನು ಕಂಡ ಇಂಡಿಯನ್ ಹೋಟೆಲುಗಳ ಬೇರು ಇಂಗ್ಲೆಂಡಿನಲ್ಲಿಲ್ಲ, ದಿಲ್ಲಿಯಲ್ಲಿದೆ. 1947ರ ವಿಭಜನೆಯಲ್ಲಿ ಪೇಶಾವರದ ಕಡೆಯಿಂದ ಬಂದ ನಿರಾಶ್ರಿತರು ದಿಲ್ಲಿಯ ದರ್ಯಾಗಂಜಿನಂಥ ಕಡೆ ತಂದೂರ್ ಹೋಟೆಲ್ ತೆರೆದರು. ನಾನ್, ತಂದೂರಿ ಕೋಳಿ, ಬೆಣ್ಣೆ ಗ್ರೇವಿ ಹೋಟೆಲಿನ ಊಟ ಆದದ್ದು ಅಲ್ಲಿಂದ. ಆ ಪಟ್ಟಿಯೇ ಜಗತ್ತೆಲ್ಲ ಸುತ್ತಿತು. ಜರ್ಮನಿಗೆ ಬರುವಾಗ ಅದರಲ್ಲಿ ಕೆನೆ ಜಾಸ್ತಿಯಾಯಿತು, ಖಾರ ಕಡಿಮೆಯಾಯಿತು.

ಜಪಾನಿನ ಕಥೆ ನನಗೆ ಬಹಳ ಇಷ್ಟ. ಬಂಗಾಳದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್ 1915ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಜಪಾನಿಗೆ ಹೋದರು. ಟೋಕಿಯೋದ ನಾಕಾಮುರಾಯಾ ಬೇಕರಿಯವರು ಅವರನ್ನು ಬಚ್ಚಿಟ್ಟು ಕಾಪಾಡಿದರು. ಬೋಸ್ ಅದೇ ಮನೆಯ ಮಗಳನ್ನು ಮದುವೆಯಾದರು. 1927ರಲ್ಲಿ ಆ ಅಂಗಡಿಯಲ್ಲಿ ಭಾರತದ ರೀತಿಯ ಕೋಳಿ ಸಾರು ಮಾರಾಟಕ್ಕೆ ಬಂತು. ಇಂದಿಗೂ ಅಲ್ಲಿ ಸಿಗುತ್ತದೆ. ಆದರೆ ಈಗ ಜಪಾನಿನಲ್ಲಿ ಇಂಡಿಯನ್ ಎಂದು ಬೋರ್ಡ್ ಹಾಕಿದ ಬಹಳಷ್ಟು ಹೋಟೆಲುಗಳನ್ನು ನಡೆಸುವವರು ನೇಪಾಳದವರು. ಚೀಸ್ ತುಂಬಿದ ನಾನ್ ಅಲ್ಲಿನ ಹೆಸರುವಾಸಿ ತಿನಿಸು.

ಹೀಗೆ ಯಾರು, ಯಾವಾಗ, ಯಾಕೆ ಊರು ಬಿಟ್ಟು ಬಂದರು ಅನ್ನೋದು ಗೊತ್ತಾದರೆ ಏನು ಸಿಗುತ್ತದೆ ಅನ್ನೋದೂ ಅರ್ಧ ಗೊತ್ತಾದಂತೆ. 1972ರಲ್ಲಿ ಈದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಹೊರಹಾಕಿದಾಗ ಬಹಳ ಗುಜರಾತಿಗಳು ಲೆಸ್ಟರ್ ನಗರಕ್ಕೆ ಬಂದರು. ಹಾಗಾಗಿ ಲೆಸ್ಟರಿನ ಬೆಲ್‌ಗ್ರೇವ್ ರೋಡಿನಲ್ಲಿ ಅಪ್ಪಟ ಸಸ್ಯಾಹಾರ ಸಿಗುತ್ತದೆ. ಲಂಡನ್ನಿನ ಸೌತಾಲ್ ಪಂಜಾಬಿಗಳದ್ದು. ವೆಂಬ್ಲಿ ಗುಜರಾತಿಗಳದ್ದು. ಈಸ್ಟ್ ಹ್ಯಾಮ್, ಟೂಟಿಂಗ್ ಕಡೆ ತಮಿಳರು, ಮಲಯಾಳಿಗಳು. ಪ್ಯಾರಿಸ್‌ನ ಗಾರ್ ದು ನೋರ್ ರೈಲು ನಿಲ್ದಾಣದ ಹಿಂದಿನ ಓಣಿಗಳಲ್ಲಿ ಶ್ರೀಲಂಕಾದ ತಮಿಳರು. ನೆದರ್‌ಲ್ಯಾಂಡಿನ ಹೇಗ್ ನಗರದಲ್ಲಿ ಸುರಿನಾಮಿನಿಂದ ಬಂದವರ ರೊಟ್ಟಿ ಅಂಗಡಿಗಳಿವೆ. 1873ರಿಂದ ಕೂಲಿಗಳಾಗಿ ಸುರಿನಾಮಿಗೆ ಹೋದ ಬಿಹಾರ, ಉತ್ತರ ಪ್ರದೇಶದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಅಮೆರಿಕದ ಎಡಿಸನ್‌ನ ಓಕ್ ಟ್ರೀ ರೋಡ್, ಶಿಕಾಗೊದ ಡೆವನ್ ಅವೆನ್ಯೂ, ಸಿಂಗಾಪುರದ ಸೆರಂಗೂನ್ ರೋಡ್, ದುಬೈನ ಕರಾಮಾ, ಸಿಡ್ನಿಯ ಹ್ಯಾರಿಸ್ ಪಾರ್ಕ್, ಇವೆಲ್ಲ ಅಂಥ ಓಣಿಗಳೇ. ಹೊಸ ಊರಿಗೆ ಹೋದವರು ಹೋಟೆಲ್ ಹುಡುಕುವ ಬದಲು ಮೊದಲು ಓಣಿ ಹುಡುಕಬೇಕು. ನಮ್ಮವರ ಕಿರಾಣಿ ಅಂಗಡಿ, ಚಿನ್ನದಂಗಡಿ, ಸೀರೆ ಅಂಗಡಿ ಒಟ್ಟಿಗೆ ಇದ್ದ ಕಡೆ ನಮ್ಮವರಿಗಾಗಿಯೇ ಅಡುಗೆ ಮಾಡುವ ಹೋಟೆಲ್ ಇರುತ್ತದೆ. ಪೇಟೆಯ ನಡುವೆ, ಪ್ರವಾಸಿಗರು ಓಡಾಡುವ ಚೌಕದಲ್ಲಿ ಇರುವುದು ಬೇರೆಯವರಿಗಾಗಿ.

‘ಹಂಗಾರ ನಮ್ಮ ರೊಟ್ಟಿ ಎಲ್ಲಿ ಸಿಗತೈತಿ?’ ಎಂದ ಅಳಿಯ. ಬಹುಮಟ್ಟಿಗೆ ಎಲ್ಲೂ ಇಲ್ಲ. ಇದಕ್ಕೆ ನಮ್ಮ ಜನ ಕಡಿಮೆ ಇದ್ದಾರೆ ಅನ್ನೋದಷ್ಟೇ ಕಾರಣ ಅಲ್ಲ. ಜೋಳದ ಸ್ವಭಾವವೂ ಒಂದು ಕಾರಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗೋಧಿಯಲ್ಲಿ ಗ್ಲುಟನ್ ಎಂಬ ಅಂಟು ಇದೆ. ಮೈದಾ ಹಿಟ್ಟನ್ನು ಬೆಳಿಗ್ಗೆ ನಾದಿ ಇಟ್ಟರೆ ರಾತ್ರಿವರೆಗೂ ಎಳೆದಷ್ಟು ಹಿಗ್ಗುತ್ತದೆ. ತಂದೂರಿನ ಮುಂದೆ ನಿಂತ ಒಬ್ಬನೇ ಮನುಷ್ಯ ಇಡೀ ಹೋಟೆಲಿಗೆ ನಾನ್ ಕೊಡಬಲ್ಲ. ಜೋಳದಲ್ಲಿ ಆ ಅಂಟು ಇಲ್ಲ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಎಸರು ಕಾಯಿಸಿ ಹಿಟ್ಟಿಗೆ ಹಾಕುತ್ತಾರೆ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಜಿಗಟು ಮಾತ್ರ. ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ಆರಿದರೆ ಬಿರಿಯುತ್ತದೆ. ಹಾಗಾಗಿ ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದುಕೊಂಡು ನಾದಬೇಕು, ಬಡಿಯಬೇಕು, ಹೆಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಿ ಹಾಕಿ ಉಬ್ಬಿಸಬೇಕು. ಅಂಗೈಯಲ್ಲಿ ಬಡಿಯುತ್ತ ತಿರುಗಿಸುವ ಕೈ ಬೇಕು. ಆ ಕೈ ಚಿಕ್ಕಂದಿನಿಂದ ಬರುವುದು. ಅಡುಗೆ ಕಾಲೇಜಿನಲ್ಲಿ ಯಾರೂ ಕಲಿಸುವುದಿಲ್ಲ.

ಇನ್ನು ಹಿಟ್ಟು. ನಮ್ಮಲ್ಲಿ ಜೋಳವನ್ನು ಗಿರಣಿಗೆ ಒಯ್ದು ಬೇಕಾದಷ್ಟೇ ಬೀಸಿಸುತ್ತೇವೆ. ಹಿಟ್ಟು ಹಳತಾದಂತೆ ಜಿಗಟು ಹೋಗುತ್ತದೆ, ಅಂಚು ಒಡೆಯುತ್ತದೆ, ಬಾಯಿಗೆ ಕಹಿ ಹತ್ತುತ್ತದೆ. ಅಲ್ಲಿ ಅಂಗಡಿಯಲ್ಲಿ ಸಿಗುವ ಪೊಟ್ಟಣ ಹಡಗಿನಲ್ಲಿ ಬಂದು, ಗೋದಾಮಿನಲ್ಲಿ ಕೂತು ತಿಂಗಳುಗಳೇ ಆಗಿರುತ್ತವೆ. ಇಷ್ಟೆಲ್ಲ ತೊಂದರೆ ಇಟ್ಟುಕೊಂಡು, ಗಂಟೆಗೆ ಇಷ್ಟು ಎಂದು ಯುರೋಪಿನ ಕೂಲಿ ಕೊಟ್ಟು, ಯಾವ ಹೋಟೆಲಿನವರು ರೊಟ್ಟಿ ಬಡಿಸುತ್ತಾರೆ? ನಮ್ಮ ಓಣಿಯ ಖಾನಾವಳಿಯಲ್ಲಿ ತಟ್ಟೆಗೆ ಒಂದರ ಮೇಲೊಂದು ಬಿಸಿ ರೊಟ್ಟಿ ಬೀಳುತ್ತದಲ್ಲ, ಅದರ ಹಿಂದೆ ಎಷ್ಟು ದೊಡ್ಡ ಕೆಲಸ ಇದೆ ಎಂದು ನನಗೆ ತಿಳಿದದ್ದು ಸ್ಟುಟ್‌ಗಾರ್ಟಿನಲ್ಲಿ, ನಾನೇ ಬಡಿಯಲು ಕೂತಾಗ.

ಹಾಗಂತ ಕೈಬಿಡಬೇಕಿಲ್ಲ. ನೆರೆಹೊರೆಯವರ ಹೆಸರಿನಲ್ಲಿ ಹುಡುಕಬೇಕು. ಮರಾಠಿಯವರಿಗೆ ನಮ್ಮ ರೊಟ್ಟಿ ಅಂದರೆ ‘ಭಾಕರಿ’. ತೆಲುಗಿನವರಿಗೆ ‘ಜೊನ್ನ ರೊಟ್ಟೆ’. ಗುಜರಾತಿಗಳ ‘ಬಾಜರಿ ರೋಟ್ಲೊ’ ನಮ್ಮ ಸಜ್ಜಿ ರೊಟ್ಟಿಯ ಅಣ್ಣ. ‘ಕನ್ನಡ ಊಟ’ ಎಂದು ಹುಡುಕಿದರೆ ಏನೂ ಸಿಗದ ಊರಲ್ಲಿ ‘ಝುಣಕಾ ಭಾಕರ್’, ‘ಥಾಲಿಪೀಠ್’, ‘ಮಿಸಳ್’ ಎಂದು ಹುಡುಕಿ ನೋಡಿ. ಮರಾಠಿ ಹೋಟೆಲಿನವರು ವಾರಕ್ಕೊಮ್ಮೆಯಾದರೂ ಭಾಕರಿ ಇಡುವುದುಂಟು. ಹೆಚ್ಚಾಗಿ ಶನಿವಾರ, ರವಿವಾರ. ಅದಕ್ಕೆ ಹೋಗುವ ಮೊದಲು ಒಂದು ಫೋನ್ ಮಾಡಬೇಕು.

ಪಟ್ಟಿ ನೋಡಿಯೇ ಎಷ್ಟೋ ವಿಷಯ ತಿಳಿಯಬಹುದು. ನೂರೈವತ್ತು ಅಡುಗೆ ಬರೆದಿದ್ದರೆ ಒಳಗೆ ಒಂದೇ ಪಾತ್ರೆಯ ಗ್ರೇವಿ ಇದೆ ಎಂದು ತಿಳಿಯಿರಿ. ಒಂದೇ ಗ್ರೇವಿಯ ಮುಂದೆ ಕೋಳಿ, ಕುರಿ, ಸಿಗಡಿ, ಪನೀರ್ ಎಂದು ಬದಲಾಯಿಸಿ ಬರೆದಿದ್ದರೂ ಹಾಗೇ. ಇಪ್ಪತ್ತು, ಇಪ್ಪತ್ತೈದು ಅಡುಗೆ ಇದ್ದು, ಅದರಲ್ಲಿ ನಾಲ್ಕಾದರೂ ಒಂದು ಊರಿಗೇ ಸೇರಿದ ಹೆಸರು ಇದ್ದರೆ ಒಳಗೆ ಹೋಗಬಹುದು. ಪೆಸರಟ್ಟು, ಗೋಂಗುರ, ಉಂಧಿಯು, ಅಪ್ಪಂ, ಕೊತ್ತು ರೊಟ್ಟಿ, ಕಢಿ ಚಾವಲ್, ಹೀಗೆ ಯಾವುದಾದರೂ ಆದೀತು. ಅಂದ ಹಾಗೆ, ಗೋಂಗುರ ಅಂದರೆ ನಮ್ಮ ಪುಂಡಿಪಲ್ಯವೇ. ಆಂಧ್ರದವರ ಹೋಟೆಲಿನಲ್ಲಿ ಅದರ ಪಚ್ಚಡಿ ಕೇಳಿ ಹಾಕಿಸಿಕೊಳ್ಳಿ. ಅನ್ನದ ಜೊತೆ ಕಲಸಿ ಮೊದಲ ತುತ್ತು ಬಾಯಿಗಿಟ್ಟಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಫೋನಿನ ನಕ್ಷೆಯಲ್ಲಿ ಹೋಟೆಲಿಗೆ ಗಿರಾಕಿಗಳು ಕೊಟ್ಟ ಚುಕ್ಕಿಗಳ (ಸ್ಟಾರ್) ಲೆಕ್ಕ ನಂಬಿ ಹೋಗುವುದರಲ್ಲಿ ಒಂದು ಕಷ್ಟ ಇದೆ. ಐದಕ್ಕೆ 4.8 ಎಂದಿರುತ್ತದೆ. ಕೊಟ್ಟವರು ಯಾರು? ಅಲ್ಲಿನವರು ಅವರ ಬಾಯಿಗೆ ತಕ್ಕಂತೆ ಕೊಟ್ಟಿರುತ್ತಾರೆ. ‘ಮೆತ್ತಗೆ, ಕೆನೆ ಕೆನೆಯಾಗಿ, ಖಾರವೇ ಇಲ್ಲದೆ ಬಹಳ ಚೆನ್ನಾಗಿತ್ತು’ ಎಂದು ಬರೆದಿದ್ದರೆ ಅವರ ಮಟ್ಟಿಗೆ ಅದು ನಿಜ. ನಮಗೆ ಬೇಕಾದದ್ದು ಅದಲ್ಲ, ಅಷ್ಟೇ. ಹಾಗಾಗಿ ನಾನು ಅಂಕಿ ಬಿಟ್ಟು, ತಿಂದವರು ಹಾಕಿದ ಫೋಟೋಗಳನ್ನು ನೋಡುತ್ತೇನೆ. ಸ್ಟೀಲಿನ ತಟ್ಟೆ, ಹಸಿ ಉಳ್ಳಾಗಡ್ಡಿ, ಬಟ್ಟಲಲ್ಲಿ ಮಜ್ಜಿಗೆ ಕಂಡರೆ ಒಳ್ಳೆಯ ಲಕ್ಷಣ. ಎಲ್ಲ ಗ್ರೇವಿಯ ಬಣ್ಣವೂ ಒಂದೇ ಕಿತ್ತಳೆ, ಮೇಲೆ ಕೆನೆಯ ಗೆರೆ ಕಂಡರೆ ಮುಂದೆ ಹೋಗುತ್ತೇನೆ. ಮೂರು ಚುಕ್ಕಿ ಕೊಟ್ಟವರ ಮಾತನ್ನು ತಪ್ಪದೆ ಓದುತ್ತೇನೆ. ‘ಬಹಳ ಖಾರ, ಕೂರಲು ಜಾಗ ಇಲ್ಲ, ಮಕ್ಕಳ ಗದ್ದಲ’ ಎಂದು ಯಾರಾದರೂ ಬೇಜಾರು ಮಾಡಿಕೊಂಡಿದ್ದರೆ ಆ ಹೋಟೆಲಿಗೆ ನಮ್ಮ ಕುಟುಂಬಗಳು ಹೋಗುತ್ತವೆ ಎಂದರ್ಥ.

ಸಸ್ಯಾಹಾರಿಗಳಿಗೆ ಇನ್ನೊಂದು ಚಿಂತೆ. ಯುರೋಪಿನಲ್ಲಿ ಇದಕ್ಕೆ ಒಂದು ಒಳ್ಳೆಯ ಸಹಾಯ ಇದೆ, ನಮ್ಮ ಹುಡುಗರು ಅದನ್ನು ಬಳಸುವುದೇ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ, ಊಟದಲ್ಲಿ ಅಲರ್ಜಿ ತರುವ 14 ವಸ್ತುಗಳು ಇದ್ದರೆ ಹೋಟೆಲಿನವರು ತಿಳಿಸಲೇಬೇಕು. ಬ್ರಿಟನ್ನಿನಲ್ಲೂ ಇದೇ ನಿಯಮ ಇದೆ. ಮೊಟ್ಟೆ, ಮೀನು, ಹಾಲು, ಶೇಂಗಾ, ಗೋಡಂಬಿಯಂಥ ಬೀಜಗಳು, ಎಳ್ಳು, ಸಾಸಿವೆ ಆ ಪಟ್ಟಿಯಲ್ಲಿವೆ. ಜರ್ಮನಿಯ ಹೋಟೆಲುಗಳ ಪಟ್ಟಿಯಲ್ಲಿ ಅಡುಗೆಯ ಹೆಸರಿನ ಪಕ್ಕ ಚಿಕ್ಕ ಅಕ್ಷರ, ಅಂಕಿ ಇರುತ್ತವೆ. ಅವುಗಳ ಅರ್ಥ ಕೊನೆಯ ಪುಟದಲ್ಲಿ ಇರುತ್ತದೆ. ನಾನ್ ಮುಂದೆ ಮೊಟ್ಟೆಯ ಗುರುತು ಇದೆಯೇ, ಬೇಳೆಯ ಮುಂದೆ ಹಾಲಿನ ಗುರುತು ಯಾಕೆ ಇದೆ, ಎಲ್ಲ ಅಲ್ಲೇ ತಿಳಿಯುತ್ತದೆ. ಬಣ್ಣ ಹಾಕಿದ್ದರೆ ಅದನ್ನೂ ಬರೆದಿರುತ್ತಾರೆ. ಅಡುಗೆಯ ಹೆಸರಿಗಿಂತ ಈ ಚಿಕ್ಕ ಅಕ್ಷರಗಳೇ ಹೆಚ್ಚು ವಿಷಯ ಹೇಳುತ್ತವೆ. ಮಾಂಸಕ್ಕೆ ಬಳಸಿದ ಎಣ್ಣೆ, ಸೌಟು ಬೇರೆಯೇ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು.

ಕೇಳುವುದರಿಂದ ನನಗೆ ಬಹಳ ಒಳ್ಳೆಯದಾಗಿದೆ. ಸ್ಟುಟ್‌ಗಾರ್ಟಿನಲ್ಲಿ ನಮ್ಮ ಆಫೀಸಿನ ಹತ್ತಿರ ಒಂದು ಪಂಜಾಬಿ ಹೋಟೆಲ್ ಇತ್ತು. ಪಟ್ಟಿಯೆಲ್ಲ ಅದೇ ಬಟರ್, ಕ್ರೀಮ್. ಒಂದು ದಿನ ಸಂಜೆ ನಾಲ್ಕಕ್ಕೆ ಹೋದೆ. ಹೊರಗೆ ಗಿರಾಕಿ ಇಲ್ಲ. ಒಳಗೆ ಅಡುಗೆಯವರು ಕೂತು ಊಟ ಮಾಡುತ್ತಿದ್ದರು. ಆ ವಾಸನೆ ಪಟ್ಟಿಯಲ್ಲಿದ್ದ ಯಾವ ಅಡುಗೆಯದೂ ಅಲ್ಲ. ‘ಏನದು?’ ಎಂದು ಕೇಳಿದೆ. ‘ಗಹತ್ ಕೀ ದಾಲ್’ ಅಂದರು. ಆ ಅಡುಗೆಯವರು ಉತ್ತರಾಖಂಡದ ಗಢವಾಲ್ ಕಡೆಯವರು. ಗಹತ್ ಅಂದರೆ ನಮ್ಮ ಹುರುಳಿ. ಹಾವೇರಿಯಲ್ಲಿ ನಮ್ಮ ಅಜ್ಜಿ ಮಾಡುತ್ತಿದ್ದ ಹುರುಳಿ ಕಟ್ಟಿನ ವಾಸನೆ ಅದು. ‘ನನಗೂ ಸ್ವಲ್ಪ ಹಾಕ್ತೀರಾ?’ ಎಂದೆ. ಅವರು ಒಂದು ಕ್ಷಣ ನೋಡಿ, ತಮ್ಮ ಪಾತ್ರೆಯಿಂದಲೇ ಬಡಿಸಿದರು. ಅವತ್ತಿನಿಂದ ವಾರಕ್ಕೊಮ್ಮೆ ನಾಲ್ಕು ಗಂಟೆಗೆ ಹೋಗುತ್ತಿದ್ದೆ. ಅವರಿಗೂ ಖುಷಿ. ಬೋರ್ಡು ಪಂಜಾಬಿನದು, ಗಿರಾಕಿ ಜರ್ಮನಿಯವರು, ಅಡುಗೆಯವರು ಗಢವಾಲಿನವರು, ಬೇಳೆ ನಮ್ಮದು. ‘ನಿಮ್ಮ ಊರು ಯಾವುದು? ನಿಮಗೇ ಅಂತ ಏನು ಮಾಡಿಕೊಳ್ಳುತ್ತೀರಿ?’ ಎಂಬ ಎರಡು ಪ್ರಶ್ನೆಗಳನ್ನು ಯಾವ ಹೋಟೆಲಿನಲ್ಲೂ ಕೇಳಬಹುದು.

ಖಾರದ ವಿಷಯಕ್ಕೆ ಬಂದರೆ, ನಮ್ಮದು ಬೇರೆಯೇ ಲೆಕ್ಕ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಉರಿಗಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಅದರ ಬಣ್ಣದ ಸತ್ವವನ್ನು ತೆಗೆದು ತಿನಿಸುಗಳಿಗೆ, ತುಟಿಯ ಬಣ್ಣಕ್ಕೂ ಬಳಸುತ್ತಾರೆ. ನಮ್ಮ ಪಲ್ಯ ಕೆಂಪಗೆ ಕಂಡರೂ ಬಾಯಿ ಸುಡುವುದಿಲ್ಲ. ಅಲ್ಲಿ ‘ಸ್ಪೈಸಿ ಮಾಡಿ’ ಎಂದರೆ ತಯಾರಾದ ಗ್ರೇವಿಯ ಮೇಲೆ ಉರಿಯುವ ಖಾರದಪುಡಿ ಸುರಿದು ತರುತ್ತಾರೆ. ಹಸಿ ಖಾರ ಗಂಟಲಿಗೆ ಹತ್ತುತ್ತದೆ, ರುಚಿ ಏನೂ ಕೂಡುವುದಿಲ್ಲ. ಅದರ ಬದಲು ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ನಿಂಬೆಹಣ್ಣು ಬೇರೆ ತಟ್ಟೆಯಲ್ಲಿ ಕೇಳಿ. ಮನೆಯ ಅಡುಗೆಗೆ ಬ್ಯಾಡಗಿ ಪುಡಿ ಮುಗಿದರೆ ಅಲ್ಲಿನ ಸಿಹಿ ಪಪ್ರಿಕಾ ಪುಡಿಗೆ ಸ್ವಲ್ಪ ಖಾರದಪುಡಿ ಬೆರೆಸಿಕೊಳ್ಳಿ. ಬಣ್ಣ ಹತ್ತಿರ ಬರುತ್ತದೆ. ವಾಸನೆ ಮಾತ್ರ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ, ನಾನು ಐದು ವರ್ಷದಲ್ಲಿ ಕಂಡುಕೊಂಡ ಒಂದು ದೊಡ್ಡ ಸಂಗತಿ ಹೇಳುತ್ತೇನೆ. ಸ್ಟುಟ್‌ಗಾರ್ಟಿನಲ್ಲಿ ನನ್ನ ನಾಲಿಗೆಗೆ ಧಾರವಾಡವನ್ನು ಹೆಚ್ಚು ಹತ್ತಿರ ತಂದದ್ದು ಇಂಡಿಯನ್ ಹೋಟೆಲ್ ಅಲ್ಲ. ಇಥಿಯೋಪಿಯಾದವರ ಹೋಟೆಲ್.

ಮೊದಲ ಸಲ ಗೆಳೆಯರೊಬ್ಬರು ಕರೆದುಕೊಂಡು ಹೋದಾಗ ನನಗೇನೂ ಗೊತ್ತಿರಲಿಲ್ಲ. ದೊಡ್ಡ ತಟ್ಟೆಯ ತುಂಬ ‘ಇಂಜೆರಾ’ ಎಂಬ ಹುಳಿ ದೋಸೆಯಂಥದ್ದನ್ನು ಹಾಸಿ ತಂದರು. ಟೆಫ್ ಎಂಬ ಚಿಕ್ಕ ಕಾಳಿನ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ ಮಾಡುತ್ತಾರೆ. ಕೆಲವು ಕಡೆ ಜೋಳದ ಹಿಟ್ಟಿನಲ್ಲೂ ಮಾಡುವುದುಂಟು. ಅದರ ಮೇಲೆ ಐದಾರು ಪಲ್ಯ, ಬೇಳೆ, ಸೊಪ್ಪು. ಚಮಚ ಇಲ್ಲ. ಎಲ್ಲರೂ ಒಂದೇ ತಟ್ಟೆಯಿಂದ ಬಲಗೈಯಲ್ಲಿ ಹರಿದು ತಿನ್ನುತ್ತಾರೆ. ನಡುವೆ ಒಂದು ಕೆಂಪನೆಯ ಮುದ್ದೆ ಇತ್ತು. ‘ಶಿರೋ’ ಅಂದರು. ಬಾಯಿಗಿಟ್ಟರೆ ಝುಣಕ! ಕಡಲೆಹಿಟ್ಟು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೆಂಪು ಖಾರ. ನಮ್ಮ ಹಿಟ್ಟಿನಪಲ್ಯಕ್ಕಿಂತ ಸ್ವಲ್ಪ ತೆಳ್ಳಗಿತ್ತು, ಅಷ್ಟೇ.

ಇದು ಬರಿ ಕಾಕತಾಳೀಯ ಅಲ್ಲ. ನಮ್ಮ ಜೋಳ ಮೊದಲು ಬೆಳೆಯಾದದ್ದು ಆಫ್ರಿಕಾದ ಈಶಾನ್ಯ ಭಾಗದಲ್ಲಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ನಮ್ಮ ಗುರೆಳ್ಳು ಕೂಡ ಆ ಕಡೆಯದೇ. ಅದರ ವೈಜ್ಞಾನಿಕ ಹೆಸರು ಗೈಝೋಷಿಯಾ ಅಬಿಸಿನಿಕಾ. ಅಬಿಸಿನಿಯಾ ಅಂದರೆ ಇಥಿಯೋಪಿಯಾದ ಹಳೆಯ ಹೆಸರು. ಅಲ್ಲಿ ಅದನ್ನು ‘ನೂಗ್’ ಅನ್ನುತ್ತಾರೆ, ಎಣ್ಣೆ ತೆಗೆಯುತ್ತಾರೆ. ಅಗಸಿಯನ್ನೂ ಹುರಿದು ಪುಡಿ ಮಾಡಿ ಬಳಸುತ್ತಾರೆ. ನಮ್ಮ ಊಟದ ತಟ್ಟೆಯ ಎಡಬದಿಯಲ್ಲಿ ಇರುವ ಪುಡಿಗಳ ಬಂಧುಗಳು ಅಲ್ಲಿದ್ದಾರೆ. ಇಂಡಿಯನ್ ಅಂಗಡಿಯಲ್ಲಿ ಗುರೆಳ್ಳು ಕೇಳಿದರೆ ಎಷ್ಟೋ ಸಲ ಗೊತ್ತಿಲ್ಲ ಅಂದಿದ್ದರು. ಇಥಿಯೋಪಿಯಾದವರ ಅಂಗಡಿಯಲ್ಲಿ ‘ನೂಗ್’ ಅಂದೆ, ಕಪ್ಪು ಕಾಳಿನ ಚೀಲ ತೆಗೆದು ಕೊಟ್ಟರು. ಅವತ್ತೇ ರಾತ್ರಿ ಹುರಿದು, ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿದೆ.

ಸಸ್ಯಾಹಾರಿಗಳಿಗೆ ಇನ್ನೂ ಒಂದು ಅನುಕೂಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮೊದಲು 55 ದಿನ ಉಪವಾಸ ಹಿಡಿಯುತ್ತಾರೆ. ಉಪವಾಸದ ಊಟದಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಇರುವುದಿಲ್ಲ. ಆ ದಿನ ಹೋಗಿ ‘ಉಪವಾಸದ ತಟ್ಟೆ’ ಕೇಳಿ. ಅವರ ಮಾತಿನಲ್ಲಿ ಹಲವು ಪಲ್ಯಗಳ ತಟ್ಟೆಗೆ ‘ಬೆಯಾಯ್ನೆತು’ ಎನ್ನುತ್ತಾರೆ. ಜರ್ಮನಿಯ ದೊಡ್ಡ ಊರುಗಳಲ್ಲಿ ಇಥಿಯೋಪಿಯಾ ಅಥವಾ ಎರಿಟ್ರಿಯಾದವರ ಹೋಟೆಲ್ ಒಂದಾದರೂ ಇರುತ್ತದೆ. ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತಲಂತೂ ಬಹಳ ಇವೆ.

ಹೋಟೆಲಿನ ಹೊರಗೂ ಊಟ ಇದೆ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿರುವ ಗಣೇಶ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ತಿನ್ನಲು ದೂರದಿಂದ ಜನ ಬರುತ್ತಾರೆ. ಬಹಳ ದೇಶಗಳಲ್ಲಿ ಗುರುದ್ವಾರದ ಲಂಗರ್ ಇದೆ. ಯಾರು ಬೇಕಾದರೂ ಹೋಗಿ ತಲೆಗೆ ಬಟ್ಟೆ ಹಾಕಿಕೊಂಡು, ಸಾಲಿನಲ್ಲಿ ಕೂತು ಉಣ್ಣಬಹುದು. ಅಮೆರಿಕದಲ್ಲಿ ವೀರಶೈವ ಸಮಾಜದ ಶಾಖೆಗಳಿವೆ, ಊರೂರಲ್ಲಿ ಕನ್ನಡ ಕೂಟಗಳಿವೆ. ಯುಗಾದಿ, ಬಸವ ಜಯಂತಿ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಮೊದಲ ವರ್ಷ ಕಾರ್ಯಕ್ರಮಕ್ಕಿಂತ ಊಟಕ್ಕೇ ಹೋಗಿ, ತಪ್ಪೇನಿಲ್ಲ. ಆದರೆ ಬಡಿಸಲು ಎದ್ದು ನಿಲ್ಲಿ. ಆಗ ಅಡುಗೆ ಮಾಡಿದವರ ಪರಿಚಯ ಆಗುತ್ತದೆ. ಮನೆಯಲ್ಲೇ ಎಣ್ಣೆಗಾಯಿ, ಹೋಳಿಗೆ ಮಾಡಿ ಕೊಡುವ ಅಕ್ಕಂದಿರ ಫೋನ್ ನಂಬರ್ ಸಿಗುವುದು ಅಲ್ಲಿಯೇ. ಯಾವ ನಕ್ಷೆಯಲ್ಲೂ ಅವರ ಮನೆಗೆ ಚುಕ್ಕಿ ಇರುವುದಿಲ್ಲ.

ಇನ್ನು ಚೀಲಕ್ಕೆ ಏನು ಹಾಕಿಕೊಳ್ಳಬೇಕು ಅನ್ನೋದು. ಹೋದ ರವಿವಾರ ತಂಗಿಯ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ತೂಕದ ಯಂತ್ರ, ಅದರ ಸುತ್ತ ಡಬ್ಬಿಗಳು. ಲೈನ್ ಬಜಾರದ ಪೇಡೆ ಎರಡು ಕಿಲೋ ತಂದಿಟ್ಟಿದ್ದಳು. ಅದನ್ನು ತೆಗೆಯಿಸಿದೆ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಪೇಡೆ ಪೂರ್ತಿ ಖೋವಾ. ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಎಸೆಯುತ್ತಾರೆ. ದುಬೈ, ಸಿಂಗಾಪುರಕ್ಕೆ ಹೋಗುವವರು ಗಸಗಸೆಯನ್ನು ಮುಟ್ಟಲೇಬಾರದು. ಅಲ್ಲಿನ ಕಾನೂನಿನಲ್ಲಿ ಅದು ಅಮಲು ಪದಾರ್ಥದ ಸಾಲಿಗೆ ಸೇರುತ್ತದೆ, ಜೈಲಿನವರೆಗೂ ಹೋಗಬಹುದು. ಕರದಂಟಿನ ಮೇಲೆ ಗಸಗಸೆ ಉದುರಿಸಿರುತ್ತಾರೆ, ಅದನ್ನೂ ನೋಡಿಕೊಳ್ಳಬೇಕು. ಹಸಿ ಕರಿಬೇವು ಬೇಡ. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸಿ ಪುಡಿ, ಬ್ಯಾಡಗಿ ಖಾರದಪುಡಿ ಒಯ್ಯಬಹುದು. ಜೋಳದ ಹಿಟ್ಟು ಬೇಡ ಅಂದೆ. ತಾಜಾ ಅಲ್ಲದಿದ್ದರೂ, ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಗ್ಲುಟನ್ ಇಲ್ಲದ ಪದಾರ್ಥಗಳ ಸಾಲಿನಲ್ಲಿ ‘ಸೋರ್ಗಮ್’ ಎಂಬ ಹೆಸರಲ್ಲಿ, ಇಂಡಿಯನ್ ಅಂಗಡಿಯಲ್ಲಿ ‘ಜುವಾರ್’ ಎಂಬ ಹೆಸರಲ್ಲಿ ಸಿಗುತ್ತದೆ. ಬಡಿಯಲು ಬಂದರೆ ಸಾಕು.

ಪೇಡೆಯ ಜಾಗದಲ್ಲಿ ತಂಗಿ ಖಡಕ್ ರೊಟ್ಟಿ ಇಟ್ಟಳು, ಐವತ್ತು. ಹತ್ತಿರದ ರೊಟ್ಟಿ ಕೇಂದ್ರದಿಂದ ತಂದದ್ದು. ನೀರಿನಂಶ ಇಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಒತ್ತಿ ಇಡುತ್ತಿದ್ದಾಗ ಮೇಲಿನ ಎರಡು ಪಟಪಟ ಮುರಿದವು. ಅಳಿಯ ನೋಡಿದ. ‘ಅವ್ವಾ, ಹೋಗಿ ಮುಟ್ಟೂದ್ರಾಗ ಎಲ್ಲಾ ಮುರಿತಾವ ನೋಡು’ ಅಂದ.

ತಂಗಿ ತಲೆ ಎತ್ತಲಿಲ್ಲ. ಚೂರುಗಳನ್ನೂ ಆರಿಸಿ ಅದೇ ಡಬ್ಬಿಗೆ ಹಾಕಿದಳು. ‘ಮುರದ್ರ ಮುರೀಲಿ. ಮೊಸರು ಅಲ್ಲೂ ಸಿಗತೈತಂತ ಮಾಮಾ ಹೇಳ್ಯಾನ. ಅದ್ರಾಗ ನೆನಸಿ, ಮ್ಯಾಲೆ ಶೇಂಗಾ ಚಟ್ನಿ ಹಾಕ್ಕೊಂಡು ಉಣ್ಣಪಾ.’